ಇಮ್ಯುನಿಟಿ ಹೆಚ್ಚಿಸ್ತೀರಿ, ಸರಿ. ನಿಲ್ಲಿಸುವುದು ಯಾರು?

ನಮಸ್ಕಾರ, ಮಾಟುಂಗದಿಂದ ಮಾತಾಡ್ತಾ ಇದ್ದೇನೆ. ಹೊರಗೆ ಮಳೆ ಜೋರುಂಟು, ಮೈಕಿನಲ್ಲಿ ಸದ್ದು ಬಂದ್ರೆ ಸುಧಾರಿಸಿಕೊಳ್ಳಿ.

ಕಳೆದ ವಾರ ಮಳೆಗಾಲದ ಜ್ವರದ ಬಗ್ಗೆ ವಿಡಿಯೋ ಹಾಕಿದ್ದೆ. ಅದರ ಕೆಳಗೆ ಡೊಂಬಿವಲಿಯ ಒಬ್ಬರು ಬರೆದಿದ್ದಾರೆ: "ಅಣ್ಣ, ಅದೆಲ್ಲ ಬಿಡಿ, ಇಮ್ಯುನಿಟಿ ಹೆಚ್ಚಿಸ್ಲಿಕ್ಕೆ ಯಾವ ಪುಡಿ ಒಳ್ಳೇದು ಹೇಳಿ. ಇಮ್ಯುನಿಟಿ ಎಷ್ಟಿದ್ರೂ ಕಮ್ಮಿಯೇ." ಅದಕ್ಕೆ ರಾಶಿ ಲೈಕು ಬೇರೆ.

ಎಷ್ಟಿದ್ರೂ ಕಮ್ಮಿಯಾ? ಯಾರು ಹೇಳಿದ್ದು ಮಾರಾಯ್ರೇ? ಕುರ್ಲಾದಿಂದ ಹೊರಟ ಲೋಕಲ್ ಎಷ್ಟು ಜೋರಾಗಿ ಓಡಿದ್ರೂ ದಾದರಿನಲ್ಲಿ ನಿಲ್ಲಬೇಕಲ್ಲ? ನಿಲ್ಲದ ಗಾಡಿಗೆ ನೀವು ಹತ್ತುತ್ತೀರಾ? ಸರಿಯಾದ ಹೊತ್ತಿಗೆ ನಿಲ್ಲಿಸುವುದೂ ಇಮ್ಯುನಿಟಿಯೇ. ಇವತ್ತು ನಾನು ಹೇಳುವುದು ಇದೊಂದೇ.

ಒಳಗೆ ನಡೆಯುವುದನ್ನು ಸ್ವಲ್ಪ ನೋಡಿ. ನಮಗೆ ಹುಟ್ಟಿನಿಂದಲೇ ಬಂದ ಒಂದು ಪ್ರತಿರಕ್ಷೆ ಉಂಟು. ಬ್ಯಾಕ್ಟೀರಿಯಾದ ಕವಚದ ಒಂದು ಚೂರು ತಾಗಿದ್ರೆ ಸಾಕು, ರೋಗಾಣುಗಳನ್ನು ನುಂಗುವ ಮ್ಯಾಕ್ರೋಫೇಜ್ ಅನ್ನುವ ಕೋಶದ ಮೇಲೆ ಟೋಲ್ ಗ್ರಾಹಕ ಅಂತ ಒಂದು ಪ್ರೋಟೀನ್ ಉಂಟು, ಅದು ಆ ಚೂರನ್ನು ಗುರುತು ಹಿಡೀತದೆ. ಈ ಗ್ರಾಹಕಗಳ ಕೆಲಸಕ್ಕೇ 2011ರಲ್ಲಿ ಬ್ಯೂಟ್ಲರ್ ಮತ್ತು ಹಾಫ್‌ಮನ್ ಅವರಿಗೆ ನೊಬೆಲ್ ಪಾಲು ಸಿಕ್ಕಿದ್ದು. ಆಮೇಲೆ ಕೋಶದ ಒಳಗೆ ಎನ್‌ಎಫ್-ಕಪ್ಪಾ-ಬಿ ಅನ್ನುವ ಪ್ರೋಟೀನ್ ಎಚ್ಚರ ಆಗ್ತದೆ. 1986ರಲ್ಲಿ ರಂಜನ್ ಸೇನ್ ಮತ್ತು ಡೇವಿಡ್ ಬಾಲ್ಟಿಮೋರ್ ಕಂಡುಹಿಡಿದದ್ದು ಅದು. ಮಾಮೂಲಿಗೆ ಐ-ಕಪ್ಪಾ-ಬಿ ಅನ್ನುವ ಇನ್ನೊಂದು ಪ್ರೋಟೀನ್ ಅದನ್ನು ಕೋಶಕೇಂದ್ರದ ಹೊರಗೇ ಹಿಡಿದಿಟ್ಟಿರ್ತದೆ. ಅಪಾಯದ ಸುದ್ದಿ ಬಂತು ಅಂದ್ರೆ ಹಿಡಿದವನು ನಾಶ, ಇವನು ಕೇಂದ್ರದ ಒಳಗೆ. ಉರಿಯೂತದ, ಅಂದ್ರೆ ಬಾವು, ಬಿಸಿ, ನೋವು ತರುವ ಜೀನ್‌ಗಳೆಲ್ಲ ಒಂದೊಂದಾಗಿ ಚಾಲೂ.

ಈಗ ಕೇಳಿ. ಚಾಲೂ ಆಗುವ ಆ ಜೀನ್‌ಗಳಲ್ಲೇ ಐ-ಕಪ್ಪಾ-ಬಿಯ ಜೀನೂ ಒಂದು! ಎನ್‌ಎಫ್-ಕಪ್ಪಾ-ಬಿ ತನ್ನನ್ನು ಹಿಡಿಯುವವನನ್ನು ತಾನೇ ಹೊಸದಾಗಿ ತಯಾರು ಮಾಡಿಸ್ತದೆ. ಸುಮಾರು ಒಂದು ಗಂಟೆಯೊಳಗೆ ಆ ಹೊಸ ಐ-ಕಪ್ಪಾ-ಬಿ ಕೇಂದ್ರದೊಳಗೆ ಹೋಗಿ ಇವನನ್ನು ಹೊರಗೆ ಎಳೆದು ತರ್ತದೆ. ಶುರುವಾದ ಗಳಿಗೆಯಲ್ಲೇ ನಿಲ್ಲಿಸುವ ತಯಾರಿಯೂ ಶುರು. ಇದನ್ನು ಮೊದಲ ಸಲ ಓದಿದಾಗ ನನಗೆ ಮೈ ಜುಮ್ಮೆಂದಿತ್ತು.

ಅದೊಂದೇ ಅಲ್ಲ, ನಿಲ್ಲಿಸುವ ಕೆಲಸಕ್ಕೆ ಎ20 ಅಂತ ಇನ್ನೊಂದು ಪ್ರೋಟೀನ್ ಉಂಟು. "ಮುಂದುವರಿಸು" ಅನ್ನುವ ಸಣ್ಣ ಗುರುತುಗಳನ್ನು ಅದು ಪ್ರೋಟೀನುಗಳ ಮೈಯಿಂದ ಕಿತ್ತು ಹಾಕಿ, "ಇದನ್ನು ಒಡೆದು ಹಾಕು" ಅನ್ನುವ ಗುರುತು ಅಂಟಿಸ್ತದೆ. 2000ದಲ್ಲಿ ಎ20 ಇಲ್ಲದ ಇಲಿಗಳನ್ನು ಬೆಳೆಸಿ ನೋಡಿದ್ರು. ಅವಕ್ಕೆ ಯಾವ ರೋಗಾಣುವನ್ನೂ ಚುಚ್ಚಲಿಲ್ಲ. ಆದರೂ ಅಂಗಾಂಗಗಳೆಲ್ಲ ಉರಿಯೂತದಿಂದ ಕೆಟ್ಟು, ಇಲಿಗಳು ಎಳೆ ಪ್ರಾಯದಲ್ಲೇ ಸತ್ತವು. ಕರುಳಿನಲ್ಲಿರುವ ಸಾಮಾನ್ಯ ಬ್ಯಾಕ್ಟೀರಿಯಾಗಳ ಸಂಕೇತವನ್ನೇ ಅವಕ್ಕೆ ತಡೆದುಕೊಳ್ಳಲು ಆಗಲಿಲ್ಲ ಅಂತ ಆಮೇಲೆ ಗೊತ್ತಾಯ್ತು. ಆ ಇಲಿಗಳ ಇಮ್ಯುನಿಟಿ ಹೆಚ್ಚೇ ಇತ್ತು ಸ್ವಾಮಿ! ಬೇಕಾ ನಿಮಗೆ ಅಂಥ ಇಮ್ಯುನಿಟಿ?

"ಅದು ಇಲಿ ಸರ್" ಅಂತೀರಿ, ಗೊತ್ತುಂಟು. ಮನುಷ್ಯರದ್ದೇ ಹೇಳ್ತೇನೆ. ಎ20 ಜೀನಿನ ಎರಡು ಪ್ರತಿಗಳಲ್ಲಿ ಒಂದು ಕೆಟ್ಟಿದ್ರೂ ಸಾಕು, ಸಣ್ಣ ಪ್ರಾಯದಲ್ಲೇ ಬಾಯಿಹುಣ್ಣು, ಮತ್ತೆ ಮತ್ತೆ ಜ್ವರ, ಗಂಟುನೋವು. ಇದು 2016ರಲ್ಲಿ ಕುಟುಂಬಗಳನ್ನು ಪರೀಕ್ಷಿಸಿ ಗುರುತಿಸಿದ ಕಾಯಿಲೆ.

ಇನ್ನು, ಕೈಗೆ ಗಾಯ ಆದಾಗ ಬಾವು ತಾನಾಗಿ ಇಳೀತದೆ ಅಂತ ಎಲ್ಲರೂ ತಿಳ್ಕೊಂಡಿದ್ದಾರೆ. ತಾನಾಗಿ ಇಳಿಯುವುದಿಲ್ಲ, ದೇಹವೇ ಅದನ್ನು ಇಳಿಸ್ತದೆ. ಗಾಯಕ್ಕೆ ಮೊದಲು ಓಡಿಬರುವ ಬಿಳಿ ರಕ್ತಕೋಶ ನ್ಯೂಟ್ರೋಫಿಲ್‌ಗಳು ಕೆಲಸ ಮುಗಿಸಿ ಅಚ್ಚುಕಟ್ಟಾಗಿ ಸಾಯ್ತವೆ, ಮ್ಯಾಕ್ರೋಫೇಜ್ ಬಂದು ಅವನ್ನು ನುಂಗ್ತದೆ. ನುಂಗಿದ ಮೇಲೆ ಅದೇ ಮ್ಯಾಕ್ರೋಫೇಜ್ ಐಎಲ್-10 ಅನ್ನುವ ಪ್ರೋಟೀನಿನಂಥ ಶಾಂತಿಯ ಸಂಕೇತ ಕಳಿಸ್ತದೆ. ನಿಲ್ಲಿಸುವುದೂ ಇಮ್ಯುನಿಟಿ. ಎಷ್ಟು ಸಲ ಹೇಳಬೇಕು?

"ಹಾಗಾದ್ರೆ ಎಲ್ಲರೂ ಉರಿಯೂತ ತಗ್ಗಿಸುವ ಸ್ಟಿರಾಯ್ಡ್ ನುಂಗುವುದಾ?" ಅಂತ ಒಬ್ಬ ಬುದ್ಧಿವಂತ ಕೇಳಿಯೇ ಕೇಳ್ತಾನೆ. ಹಾಗೆ ನಾನೆಲ್ಲಿ ಹೇಳಿದೆ? 2020ರ ಜೂನ್‌ನಲ್ಲಿ ಬ್ರಿಟನ್ನಿನ ರಿಕವರಿ ಪ್ರಯೋಗದ ಫಲಿತಾಂಶ ಬಂತು. ಡೆಕ್ಸಾಮೆಥಸೋನ್ ಅನ್ನುವ ಸ್ಟಿರಾಯ್ಡ್ ಕೊಟ್ಟದ್ದರಿಂದ ವೆಂಟಿಲೇಟರಿನಲ್ಲಿದ್ದ ಕೋವಿಡ್ ರೋಗಿಗಳ ಸಾವು ಸುಮಾರು ಮೂರನೇ ಒಂದರಷ್ಟು ಇಳೀತು. ಆಕ್ಸಿಜನ್ ಬೇಡದವರಿಗೆ ಲಾಭ ಕಾಣಲಿಲ್ಲ. 2021ರಲ್ಲಿ ಇದೇ ಮಹಾರಾಷ್ಟ್ರದಲ್ಲಿ ಕಪ್ಪು ಶಿಲೀಂಧ್ರ ನೋಡಿದೆವಲ್ಲ? ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ, ಅದರ ಮೇಲೆ ಲೆಕ್ಕವಿಲ್ಲದೆ ಕೊಟ್ಟ ಸ್ಟಿರಾಯ್ಡ್. ಯಾವಾಗ ನಿಲ್ಲಿಸಬೇಕು, ಎಷ್ಟು ನಿಲ್ಲಿಸಬೇಕು ಅನ್ನುವುದು ಡಾಕ್ಟರು ನೋಡಿ ಹೇಳುವ ವಿಷಯ. ಪುಡಿ ಮಾರುವವರಿಗೆ ಅದು ಗೊತ್ತುಂಟಾ?

ಅಜ್ಜಿಯ ಕಷಾಯದ ಮಾತು ತೆಗೀಬೇಡಿ. ಜೀರಿಗೆ ಕಷಾಯ ನಾನೂ ಕುಡೀತೇನೆ, ರುಚಿಯಾಗ್ತದೆ. ಅಜ್ಜಿ ಅದಕ್ಕೆ ಲೇಬಲ್ ಅಂಟಿಸಿ ಮಾರಿರಲಿಲ್ಲ.

ಪುಡಿ ಮಾರುವವರೇ, ಡಬ್ಬದ ಮೇಲೆ ಬರೀರಿ: ಯಾವ ಕೋಶವನ್ನು ಎಬ್ಬಿಸ್ತೀರಿ? ಎಷ್ಟು ಹೊತ್ತು? ನಿಲ್ಲಿಸುವುದು ಹೇಗೆ? ಬರೀರಿ! ಬರೆಯಲಿಕ್ಕೆ ಆಗುವುದಿಲ್ಲ ಅಂದ್ರೆ "ಹೆಚ್ಚಿಸ್ತೇವೆ" ಅಂತ ಹೇಳಲೂ ಬೇಡಿ. ನಿಲ್ಲಿಸುವುದೂ ಇಮ್ಯುನಿಟಿ, ನಿಲ್ಲಿಸುವುದೂ ಇಮ್ಯುನಿಟಿ, ಇದು ತಲೆಗೆ ಹೋಗುವ ತನಕ ನಾನು ಹೇಳುವವನೇ.

ಚಾನೆಲ್‌ಗೆ ಸಬ್‌ಸ್ಕ್ರೈಬ್ ಮಾಡಿ, ಮುಲುಂಡ್, ಥಾಣೆಯಲ್ಲಿರುವ ನಿಮ್ಮವರಿಗೂ ಕಳಿಸಿ. ಮುಂದಿನ ವಾರ ಕೀವಿನ ಬಗ್ಗೆ ಮಾತಾಡುವ. ಪ್ರಶ್ನೆ ಇದ್ರೆ ಈಗಲೇ ಹಾಕಿ.