ಸ್ವಭಾವವೋ, ಹಾರ್ಮೋನೋ?

ಕೇಳುಗರಿಗೆಲ್ಲ ನಮಸ್ಕಾರ.

ನನ್ನ ಅಕ್ಕ ಒಂದೊಂದು ಹೆಜ್ಜೆಗೆ ಎರಡೆರಡು ಮೆಟ್ಟಿಲು ಹತ್ತುತ್ತಿದ್ದವಳು. ಒಂದು ವರ್ಷ ಇದ್ದಕ್ಕಿದ್ದಂತೆ ಮಂಕಾದಳು. ಎಷ್ಟು ಮಲಗಿದರೂ ನಿದ್ದೆ ಸಾಲದು, ಮಾತಾಡಿಸಿದರೆ ಬರೀ 'ಹೂಂ'. ಮನೆಯವರೆಲ್ಲ ಸೆಕೆ ಎಂದು ಒದ್ದಾಡುವಾಗ ಅವಳು ಶಾಲು ಹೊದ್ದು ಕೂತಿರುತ್ತಿದ್ದಳು. 'ಸೋಮಾರಿತನ' ಎಂದೆವು. ನಾನೂ ಅಂದೆ, ಆ ಮಾತು ಈಗಲೂ ನನ್ನನ್ನು ಚುಚ್ಚುತ್ತದೆ.

ರಕ್ತ ಪರೀಕ್ಷೆ ಮಾಡಿಸಿದಾಗ ಟಿಎಸ್‌ಎಚ್ ತುಂಬಾ ಏರಿತ್ತು. ದೇಹದ ಚುರುಕನ್ನು ಕಾಯುವ ಹಾರ್ಮೋನು ಸುರಿಸಬೇಕಾದ, ಕತ್ತಿನಲ್ಲಿರುವ ಥೈರಾಯ್ಡ್ ಗ್ರಂಥಿ ಸೋತಿತ್ತು. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ 'ಏಳು, ಕೆಲಸ ಮಾಡು' ಎಂದು ಅದನ್ನು ಎಬ್ಬಿಸಲು ನೋಡುತ್ತಲೇ ಇತ್ತು. ಆ ಎಬ್ಬಿಸುವ ಕರೆಯೇ ಟಿಎಸ್‌ಎಚ್. ದಿನಾ ಖಾಲಿ ಹೊಟ್ಟೆಯಲ್ಲಿ ಒಂದು ಮಾತ್ರೆ. ಕೆಲವು ತಿಂಗಳಾದ ಮೇಲೆ ಒಂದು ಬೆಳಗ್ಗೆ ಮೆಟ್ಟಿಲ ಮೇಲೆ ಅದೇ ಹಳೆಯ ದಡದಡ ಸದ್ದು ಕೇಳಿಸಿತು.

ರಕ್ತದಲ್ಲಿ ಹರಿಯುವ ವಸ್ತು ನಡವಳಿಕೆಯನ್ನೇ ಬದಲಿಸಬಲ್ಲದು ಎಂಬುದಕ್ಕೆ ಮೊದಲ ಸುಳಿವು ಸಿಕ್ಕಿದ್ದು ಹುಂಜಗಳಿಂದ. 1849ರಲ್ಲಿ ಜರ್ಮನಿಯ ಗಾಟಿಂಗನ್‌ನಲ್ಲಿ ಆರ್ನಾಲ್ಡ್ ಬರ್ತೋಲ್ಡ್ ಎಂಬ ವಿಜ್ಞಾನಿ ಎಳೆಯ ಹುಂಜಗಳ ವೃಷಣ ತೆಗೆದುಹಾಕಿದರು. ಅವು ಹುಂಜದಂತೆ ಕೂಗಲಿಲ್ಲ, ಕಾದಾಡಲಿಲ್ಲ, ಹೇಂಟೆಗಳ ಗೋಜಿಗೂ ಹೋಗಲಿಲ್ಲ. ಇನ್ನು ಕೆಲವಕ್ಕೆ ವೃಷಣವನ್ನು ಹೊಟ್ಟೆಯೊಳಗೆ ಬೇರೊಂದು ಜಾಗದಲ್ಲಿ ಕೂರಿಸಿದರು. ಹಳೆಯ ನರಗಳ ನಂಟು ಕಡಿದಿದ್ದರೂ ಅವು ಕೆಂಪು ಜುಟ್ಟು ಬೆಳೆಸಿಕೊಂಡು, ಕೂಗಿ, ಜಗಳಕ್ಕೂ ನಿಂತವು. ಸುದ್ದಿ ಮುಟ್ಟಿಸಿದ್ದು ರಕ್ತ. ಹೀಗೆ ರಕ್ತದಲ್ಲಿ ಹರಿದು ಸುದ್ದಿ ಒಯ್ಯುವ ವಸ್ತುವಿಗೆ 'ಹಾರ್ಮೋನ್' ಎಂಬ ಹೆಸರು ಬಂದದ್ದು ಮಾತ್ರ 1905ರಲ್ಲಿ, ಇಂಗ್ಲೆಂಡಿನ ಅರ್ನೆಸ್ಟ್ ಸ್ಟಾರ್ಲಿಂಗ್ ಅವರಿಂದ.

ಮನುಷ್ಯರಲ್ಲಿ ಕತೆ ಇಷ್ಟು ಸರಳವಲ್ಲ. ಮೂತ್ರಪಿಂಡಗಳ ಮೇಲೆ ಟೊಪ್ಪಿಗೆಯಂತೆ ಕೂತ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಎಂಬ ಹಾರ್ಮೋನು ಸುರಿಸಿದರೆ ಎದೆ ಡವಡವ ಎನ್ನುತ್ತದೆ. ಆದರೆ ಪರೀಕ್ಷೆಯ ಕೋಣೆಯ ಬಾಗಿಲಲ್ಲಿ ಅದು ಭಯ. ಬಹುದಿನದ ಮೇಲೆ ಬಂದ ಮಗನನ್ನು ಕಂಡಾಗ ಅದೇ ಸಂತೋಷ. ಹಾರ್ಮೋನು ನಮ್ಮನ್ನು ಒಂದು ಕಡೆಗೆ ವಾಲಿಸುತ್ತದೆ, ಕೈಹಿಡಿದು ಎಳೆದೊಯ್ಯುವುದಿಲ್ಲ. ಹಾಗಾಗಿ 'ಹಾರ್ಮೋನೇ ಮಾಡಿಸಿತು' ಎಂದು ಕೈತೊಳೆದುಕೊಳ್ಳುವುದನ್ನು ನಾನು ಒಪ್ಪಲಾರೆ.

ಹದಿಹರೆಯದ ಮಕ್ಕಳ ವಿಷಯವನ್ನೂ ಹೇಳಲೇಬೇಕು. ನಿದ್ದೆಯ ಹೊತ್ತು ತಿಳಿಸುವ ಮೆಲಟೋನಿನ್ ಆ ವಯಸ್ಸಿನಲ್ಲಿ ರಾತ್ರಿ ತಡವಾಗಿ ಏರುತ್ತದೆ. ಬೆಳಗ್ಗೆ ಏಳದ ಮಗುವಿಗೆ ಮೊಂಡ ಎಂದು ಹೆಸರಿಡುವಾಗ ಇದು ನೆನಪಿರಲಿ.

ಈ ದಾರಿಯಲ್ಲಿ ಓಡಾಟ ಎರಡೂ ಕಡೆಗಿದೆ: ಹಾರ್ಮೋನು ನಮ್ಮ ನಡವಳಿಕೆಯನ್ನು ಬದಲಿಸುವಂತೆ, ನಾವು ಕಂಡು ಕೇಳಿದ್ದು ಹಾರ್ಮೋನನ್ನೂ ಬದಲಿಸುತ್ತದೆ. ಬಾಣಂತಿಯನ್ನು ನೋಡಿ. ಪಕ್ಕದ ಕೋಣೆಯಲ್ಲಿ ಕೂಸು ಅತ್ತರೆ ಸಾಕು, ತುಟಿ ತಾಗುವ ಮೊದಲೇ ಹಾಲು ಇಳಿಸುವ ಹಾರ್ಮೋನಾದ ಆಕ್ಸಿಟೋಸಿನ್ ಹರಿದು ಎದೆಹಾಲು ತೊಟ್ಟಿಕ್ಕುವುದುಂಟು. ಅದೇ ಹೊತ್ತಿಗೆ ಯಾರಾದರೂ ಅವಳನ್ನು ಗದರಿಸಿ ಕಳವಳಪಡಿಸಿದರೆ, ಎದೆ ತುಂಬಿದ್ದರೂ ಹಾಲು ಇಳಿಯುವುದು ತಡವಾಗಬಹುದು.

ನಮಸ್ಕಾರ.