ಮೊದಲು ಗಾಳಿ, ಆಮೇಲೆ ಗಾಲಿ

ಬಾನುಲಿ ಕೇಳುಗರಿಗೆ ನಮಸ್ಕಾರ.

ಶಾಲೆಯ ಮೈದಾನದ ಓಟ, ಊರ ಜಾತ್ರೆಯ ಸೈಕಲ್ ಪಂದ್ಯ, ಹೆದ್ದಾರಿಯಲ್ಲಿ ಒಬ್ಬೊಬ್ಬರೇ ಗಡಿಯಾರದ ವಿರುದ್ಧ ಓಡಿಸುವ ಟೈಮ್ ಟ್ರಯಲ್, ಸೈಕಲ್ ಪಂದ್ಯಕ್ಕೆಂದೇ ಕಟ್ಟಿದ ದುಂಡು ದಾರಿಯಾದ ವೆಲೊಡ್ರೋಮಿನ ಸುತ್ತುಗಳು, ಹೀಗೆ ಯಾರು ಮುಂದೆ ಯಾರು ಹಿಂದೆ ಎಂಬ ಲೆಕ್ಕದಲ್ಲಿಯೇ ಆಯುಷ್ಯದ ಬಹುಭಾಗವನ್ನು ಕಳೆದವನು ನಾನು. ಆ ಅನುಭವದಿಂದ ನಾಲ್ಕು ಮಾತು ಹೇಳಬೇಕೆಂದು ಬಾನುಲಿಯವರು ಕೇಳಿದ್ದಾರೆ. ಇಂಡಿ, ಸಿಂದಗಿ, ಬಬಲೇಶ್ವರ, ಬೀಳಗಿ, ಜಮಖಂಡಿ ಕಡೆಯ ಯಾವುದೋ ಮನೆಯಲ್ಲಿ, ಸೈಕಲ್ ರೇಸಿಗೆ ಹೋಗುತ್ತೇನೆಂದು ಹಟ ಹಿಡಿದ ಹುಡುಗನೋ ಹುಡುಗಿಯೋ, ಅವರಿಗೆ ಏನು ಉತ್ತರ ಹೇಳಬೇಕೆಂದು ತಿಳಿಯದ ತಂದೆತಾಯಿಯೋ ಈ ಹೊತ್ತಿನಲ್ಲಿ ಕೇಳುತ್ತಿರಬಹುದು ಎಂದುಕೊಂಡು ಮಾತನಾಡುತ್ತೇನೆ.

ಅಂಥವರು ನನ್ನನ್ನು ಕಂಡಾಗ ಕೇಳುವ ಪ್ರಶ್ನೆ ಯಾವಾಗಲೂ ಒಂದೇ. ಯಾವ ಸೈಕಲ್ ಕೊಳ್ಳಬೇಕು? ಎಷ್ಟು ಹಗುರವಾದದ್ದು ಬೇಕು? ಎಷ್ಟು ದುಡ್ಡು ಹಾಕಬೇಕು? ಉತ್ತರ ಹೇಳಿ ಹೇಳಿ ನನಗೆ ಸಾಕಾಗಿದೆ, ಆದರೂ ಇನ್ನೊಮ್ಮೆ ಹೇಳುತ್ತೇನೆ. ಸೈಕಲ್ಲಿನ ತೂಕ ಏರುದಾರಿಯಲ್ಲಿ ಲೆಕ್ಕಕ್ಕೆ ಬರುತ್ತದೆ. ನಮ್ಮ ವಿಜಯಪುರದ ಸುತ್ತ ಏರುದಾರಿ ಎಲ್ಲಿದೆ? ಗೋಳಗುಮ್ಮಟದ ಮೇಲೆ ನಿಂತು ನೋಡಿದರೆ ನಾಲ್ಕು ದಿಕ್ಕಿಗೂ ಬಯಲು ಕಾಣುತ್ತದೆ. ಬಯಲಿನಲ್ಲಿ ಸೈಕಲ್ ಓಡಿಸುವವನಿಗೆ ಶತ್ರು ತೂಕವಲ್ಲ, ಗಾಳಿ. ಆದ್ದರಿಂದ ನನ್ನ ಮಾತು ಇಷ್ಟೇ: ಮೊದಲು ಗಾಳಿ, ಆಮೇಲೆ ಗಾಲಿ. ಎತ್ತರಕ್ಕೆ ಸರಿಹೊಂದುವ, ಬ್ರೇಕು ಚೆನ್ನಾಗಿ ಹಿಡಿಯುವ, ಕೈಗೆಟಕುವ ಬೆಲೆಯ ಹಳೆಯ ರೇಸಿಂಗ್ ಸೈಕಲ್ ಒಂದಿದ್ದರೆ ಕಲಿಯುವವರಿಗೆ ಧಾರಾಳವಾಯಿತು. ಹೊಲ ಮಾರುವ ಅಗತ್ಯವಿಲ್ಲ.

ಗಾಳಿಯ ಲೆಕ್ಕ ಸರಳವಾದದ್ದು, ಆದರೆ ಕ್ರೂರವಾದದ್ದು. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ, ಆ ತಡೆಯನ್ನು ಭೇದಿಸಲು ಕಾಲುಗಳು ಹಾಕಬೇಕಾದ ಶಕ್ತಿ ಎಂಟು ಪಟ್ಟಾಗುತ್ತದೆ. ಗಂಟೆಗೆ 40 ಕಿಲೋಮೀಟರು ವೇಗದಲ್ಲಿ ಸಮತಟ್ಟಾದ ರಸ್ತೆಯಲ್ಲಿ ಹೋಗುವವನು ತನ್ನ ಶ್ರಮದ ಹತ್ತು ಪಾಲಿನಲ್ಲಿ ಎಂಟಕ್ಕಿಂತ ಹೆಚ್ಚು ಪಾಲನ್ನು ಬರೀ ಗಾಳಿಯನ್ನು ಸರಿಸುವುದಕ್ಕೆ ವೆಚ್ಚ ಮಾಡುತ್ತಾನೆ. ಚೈನು, ಟೈರು, ಬೇರಿಂಗು ಎಲ್ಲ ಸೇರಿ ತಿನ್ನುವುದು ಉಳಿದ ಸ್ವಲ್ಪವನ್ನು ಮಾತ್ರ. ಅದರಲ್ಲಿಯೂ ಗಾಳಿಗೆ ಹೆಚ್ಚು ಅಡ್ಡ ನಿಲ್ಲುವುದು ಸೈಕಲ್ ಅಲ್ಲ, ಅದರ ಮೇಲೆ ಕುಳಿತ ಮನುಷ್ಯನ ಮೈ. ಎರಡು ಲಕ್ಷದ ಸೈಕಲ್ಲಿನ ಮೇಲೆ ಎದೆಯುಬ್ಬಿಸಿ ನೆಟ್ಟಗೆ ಕುಳಿತವನಿಗಿಂತ, ಸಾಧಾರಣ ಸೈಕಲ್ಲಿನ ಮೇಲೆ ಮೊಣಕೈ ಮಡಚಿ, ತಲೆ ತಗ್ಗಿಸಿ, ಮೈಗೆ ಅಂಟುವ ಅಂಗಿ ತೊಟ್ಟು ಕುಳಿತವನು ಕಡಿಮೆ ಶ್ರಮದಲ್ಲಿ ಮುಂದೆ ಹೋಗುತ್ತಾನೆ.

ಇದಕ್ಕೆ ಪುರಾವೆ ಬೇಕಿದ್ದರೆ ಆಷಾಢದಲ್ಲಿ ವಿಜಯಪುರದಿಂದ ತಿಕೋಟಾ ರಸ್ತೆಗೆ ಹೋಗಿ ನೋಡಿ. ಪಡುವಣದಿಂದ ಬೀಸುವ ಗಾಳಿ ನೇರವಾಗಿ ಮುಖಕ್ಕೆ ಬಡಿಯುತ್ತದೆ. ನಿಮ್ಮ ವೇಗ ಗಂಟೆಗೆ 30 ಕಿಲೋಮೀಟರು, ಎದುರುಗಾಳಿಯ ವೇಗ 20 ಆಗಿದ್ದರೆ ನಿಮ್ಮ ಎದೆಗೆ ತಾಗುವುದು 50ರ ಗಾಳಿ. ನಮ್ಮ ಹುಡುಗರು ಆ ದಿನಗಳಲ್ಲಿ ಅಭ್ಯಾಸ ನಿಲ್ಲಿಸಿಬಿಡುತ್ತಾರೆ. ನಾನು ಹೇಳುವುದೆಂದರೆ, ವರ್ಷದಲ್ಲಿ ಕಲಿಯಲು ಅದಕ್ಕಿಂತ ಒಳ್ಳೆಯ ಕಾಲವೇ ಇಲ್ಲ. ಹೋಗುವಾಗ ಎದುರುಗಾಳಿ ಇರುವ ದಿಕ್ಕನ್ನು ಆರಿಸಿಕೊಳ್ಳಿ, ಬರುವಾಗ ದಣಿದ ಕಾಲುಗಳನ್ನು ಅದೇ ಗಾಳಿ ಮನೆಗೆ ತಂದು ಮುಟ್ಟಿಸುತ್ತದೆ. ತಿರುಗಾ ಮುರುಗಾ ಮಾಡಿದವರು ಸಂಜೆಯ ಹೊತ್ತಿಗೆ ಯಾರದಾದರೂ ಟೆಂಪೋಕ್ಕೆ ಕೈ ಮಾಡಬೇಕಾಗುತ್ತದೆ.

ಇನ್ನು ಪಂದ್ಯದ ಮಾತು. ಮುಂದಿನವನ ಹಿಂದಿನ ಗಾಲಿಗೆ ಹತ್ತಿರವಾಗಿ ಹೋಗುವುದನ್ನು ನಾವು ಗಾಲಿ ಹಿಡಿಯುವುದು ಎನ್ನುತ್ತೇವೆ. ಮುಂದಿನವನ ಮೈ ಗಾಳಿಗೆ ಮರೆಯಾಗುವುದರಿಂದ, ಹೀಗೆ ಹೋಗುವವನಿಗೆ ಮುಂದಿನವನ ಶ್ರಮಕ್ಕಿಂತ ಕಾಲುಭಾಗದಿಂದ ಮೂರನೆಯ ಒಂದು ಭಾಗದಷ್ಟು ಶ್ರಮ ಕಡಿಮೆ ಸಾಕು. ಇದನ್ನು ಕೇಳಿದ ಕೂಡಲೇ ಹಳ್ಳಿಯ ಹಿರಿಯರು, ಅದು ಮೋಸವಲ್ಲವೇ ಎನ್ನುತ್ತಾರೆ. ಖಂಡಿತ ಅಲ್ಲ. ಎಲ್ಲರೂ ಒಟ್ಟಿಗೆ ಹೊರಡುವ ರಸ್ತೆ ಪಂದ್ಯದ ಜೀವಾಳವೇ ಅದು. ಒಬ್ಬೊಬ್ಬರನ್ನೇ ಬಿಡುವ ಟೈಮ್ ಟ್ರಯಲ್‌ನಲ್ಲಿ ಮಾತ್ರ ಅದು ನಿಷಿದ್ಧ. ಜಾತ್ರೆಯ ಪಂದ್ಯಗಳಲ್ಲಿ ಮೊದಲ ಕಿಲೋಮೀಟರಿನಿಂದಲೇ ಎಲ್ಲರಿಗಿಂತ ಮುಂದೆ ಹಾರಿ, ಜನರ ಸಿಳ್ಳೆ ಗಿಟ್ಟಿಸಿ, ಗುರಿ ಕಣ್ಣಿಗೆ ಬೀಳುವಷ್ಟರಲ್ಲಿ ನಾಲ್ಕನೆಯವನಾಗುವ ಹುರುಪಿನ ಹುಡುಗರನ್ನು ನಾನು ಪ್ರತಿವರ್ಷ ನೋಡುತ್ತೇನೆ. ಅವರ ಕಾಲಿನಲ್ಲಿ ಬಲ ಕಡಿಮೆ ಇರುವುದಿಲ್ಲ. ಊರಿಗೆಲ್ಲ ಬರುವ ಗಾಳಿಯನ್ನು ಅವರೊಬ್ಬರೇ ಕುಡಿದಿರುತ್ತಾರೆ, ಅಷ್ಟೇ.

ಈ ವಿಷಯದಲ್ಲಿ ನನಗೆ ಬಹಳ ಪ್ರಿಯವಾದ ಒಂದು ಪ್ರಸಂಗವಿದೆ. ಅದನ್ನು ಹೇಳದೆ ಮುಂದೆ ಹೋಗಲು ಮನಸ್ಸು ಒಪ್ಪುವುದಿಲ್ಲ. ಅಮೆರಿಕದ ಬ್ರೂಕ್ಲಿನ್‌ನಲ್ಲಿ ಚಾರ್ಲ್ಸ್ ಮರ್ಫಿ ಎಂಬ ಸೈಕಲ್ ಪಂದ್ಯಗಾರನಿದ್ದನು. ಮುಂದೆ ಗಾಳಿಯನ್ನು ತಡೆಯುವ ಮರೆಯೊಂದಿದ್ದರೆ ಯಾವ ರೈಲಿಗೂ ತಾನು ಹಿಂದೆ ಬೀಳುವುದಿಲ್ಲ ಎಂದು ಅವನು ಹೇಳಿಕೊಂಡು ತಿರುಗುತ್ತಿದ್ದನು, ಕೇಳಿದವರು ನಗುತ್ತಿದ್ದರು. ಕೊನೆಗೆ ಲಾಂಗ್ ಐಲೆಂಡ್ ರೈಲ್ವೆಯ ಅಧಿಕಾರಿ ಹಾಲ್ ಫುಲರ್ಟನ್ ಎಂಬುವರು ಅವನ ಮಾತಿಗೆ ಒಪ್ಪಿದರು. ರೈಲು ಹಳಿಗಳ ನಡುವೆ ಮೈಲುಗಟ್ಟಲೆ ಉದ್ದಕ್ಕೆ ಮರದ ಹಲಗೆಗಳನ್ನು ನುಣುಪಾಗಿ ಜೋಡಿಸಿ ದಾರಿ ಮಾಡಲಾಯಿತು. ಎಂಜಿನ್ನಿಗೆ ಒಂದೇ ಒಂದು ಬೋಗಿಯನ್ನು ಕಟ್ಟಿ, ಆ ಬೋಗಿಯ ಹಿಂಬದಿಗೆ ಎರಡು ಪಕ್ಕ ಮತ್ತು ಮೇಲ್ಭಾಗ ಚಾಚಿಕೊಂಡಿರುವ ಮರೆಯನ್ನು ಕಟ್ಟಲಾಯಿತು. ಮರ್ಫಿ ಆ ಮರೆಯೊಳಗೆ ಸೈಕಲ್ ತುಳಿಯಬೇಕು, ಬೋಗಿಯಲ್ಲಿ ನಿಂತವರು ಗಡಿಯಾರ ಹಿಡಿದು ನೋಡಬೇಕು.

ಮೊದಲ ಯತ್ನದಲ್ಲಿ ಒಂದು ಮೈಲಿಗೆ ಒಂದು ನಿಮಿಷಕ್ಕಿಂತ ಹೆಚ್ಚು ಹಿಡಿಯಿತು. ಸೋತವನು ಮರ್ಫಿಯಲ್ಲ, ಎಂಜಿನ್ನು! ಅದಕ್ಕೇ ಬೇಕಾದಷ್ಟು ವೇಗ ಬರಲಿಲ್ಲ. ಹೆಚ್ಚು ಬಲದ ಎಂಜಿನ್ನನ್ನು ತಂದು, 1899ರ ಜೂನ್ 30ರಂದು ಮತ್ತೆ ಹೊರಟರು. ಕಾಲಡಿಯ ಹಲಗೆಗಳು ಅದುರುತ್ತಿದ್ದವು, ಬೋಗಿಯ ಕೆಳಗಿನಿಂದ ದೂಳು, ಬಿಸಿ ಕಿಡಿಗಳು ಮುಖಕ್ಕೆ ಎರಚುತ್ತಿದ್ದವು. ನಡುವೆ ಒಮ್ಮೆ ಅವನು ಬೋಗಿಯಿಂದ ಹಿಂದೆ ಬಿದ್ದನು. ಮರೆಯಿಂದ ಪೂರ್ತಿ ಹೊರಗೆ ಬಂದಿದ್ದರೆ ಗಾಳಿಯ ಗೋಡೆಗೆ ಬಡಿದು ಆಟ ಅಲ್ಲಿಗೇ ಮುಗಿಯುತ್ತಿತ್ತು, ಆದರೆ ಅವನು ತಲೆ ತಗ್ಗಿಸಿ ತುಳಿದು ತುಳಿದು ಮತ್ತೆ ಮರೆಯೊಳಕ್ಕೆ ಸೇರಿಕೊಂಡನು. ಮೈಲಿಯ ಕೊನೆಯ ಗುರುತು ದಾಟಿದಾಗ ಗಡಿಯಾರ ತೋರಿಸಿದ್ದು 57.8 ಸೆಕೆಂಡು. ನಮ್ಮ ಲೆಕ್ಕದಲ್ಲಿ ಗಂಟೆಗೆ 100 ಕಿಲೋಮೀಟರು! ಅಲ್ಲಿಗೆ ಮುಗಿಯಲಿಲ್ಲ. ಹಲಗೆಯ ದಾರಿ ಮುಗಿಯುತ್ತಾ ಬಂದಿದ್ದರಿಂದ ಚಾಲಕನು ಎಂಜಿನ್ನಿನ ವೇಗ ತಗ್ಗಿಸಿದನು, ಮರ್ಫಿಯ ಸೈಕಲ್ಲು ಬೋಗಿಗೆ ಬಂದು ಬಡಿಯಿತು. ಬೋಗಿಯಲ್ಲಿದ್ದ ಫುಲರ್ಟನ್ ಮತ್ತು ಇನ್ನೊಬ್ಬರು ಬಾಗಿ ಅವನ ತೋಳುಗಳನ್ನು ಹಿಡಿದು, ಕಾಲಿಗೆ ಪಟ್ಟಿಯಿಂದ ಸಿಕ್ಕಿಕೊಂಡಿದ್ದ ಸೈಕಲ್ಲಿನ ಸಮೇತ ಮೇಲಕ್ಕೆ ಎಳೆದುಕೊಂಡರು. ಆಮೇಲೆ ಈ ಮಹಾಶಯನು ನ್ಯೂಯಾರ್ಕ್ ಪೊಲೀಸ್ ಪಡೆ ಸೇರಿದನು. ಓಡಿ ತಪ್ಪಿಸಿಕೊಳ್ಳಲು ಕಳ್ಳರಿಗೆ ಎಷ್ಟು ಧೈರ್ಯವಿತ್ತೋ!

ಮರ್ಫಿಯ ಕಾಲುಗಳು ಬಲವಾದವೇ. ಆದರೆ ಬಯಲಿನಲ್ಲಿ ಒಬ್ಬನೇ ತುಳಿದಿದ್ದರೆ ಅದೇ ಕಾಲುಗಳಿಂದ ಅದರ ಅರ್ಧ ವೇಗ ಬಂದಿದ್ದರೂ ದೊಡ್ಡದಿತ್ತು. 2018ರಲ್ಲಿ ಅಮೆರಿಕದ ಬಾನವಿಲ್ ಉಪ್ಪಿನ ಬಯಲಿನಲ್ಲಿ ಡೆನಿಸ್ ಮುಲ್ಲರ್ ಕೋರೆನೆಕ್ ಎಂಬ 45ರ ವಯಸ್ಸಿನ ಮಹಿಳೆ, ಮರೆ ಕಟ್ಟಿದ ರೇಸ್ ಕಾರೊಂದರ ಹಿಂದೆ ಸೈಕಲ್ ಓಡಿಸಿ ಗಂಟೆಗೆ 296 ಕಿಲೋಮೀಟರು ವೇಗ ಮುಟ್ಟಿದರು. ಗಾಳಿಯನ್ನು ಪಕ್ಕಕ್ಕಿಟ್ಟರೆ ಮನುಷ್ಯನ ಕಾಲು ಏನು ಮಾಡಬಲ್ಲದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ನಾನು ಎಲ್ಲಿಂದ ತರಲಿ?

ಈ ಕಥೆಯನ್ನು ಕೇಳಿದ ಹುಡುಗರ ತಲೆಯಲ್ಲಿ ಈಗ ಏನು ಓಡುತ್ತಿದೆ ಎಂದು ನನಗೆ ಗೊತ್ತು. ಕಬ್ಬಿನ ಹಂಗಾಮಿನಲ್ಲಿ ಮುಧೋಳ, ಜಮಖಂಡಿ, ಅಥಣಿ ರಸ್ತೆಗಳಲ್ಲಿ ಎರಡೆರಡು ಟ್ರೇಲರು ಎಳೆಯುವ ಟ್ರ್ಯಾಕ್ಟರುಗಳ ಹಿಂದೆ ಸೈಕಲ್ ಹತ್ತಿಸಿಕೊಂಡು ಹೋಗುವವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ದಯವಿಟ್ಟು ಅದನ್ನು ಮಾಡಬೇಡಿ. ಮರ್ಫಿಯ ಮುಂದೆ ಹೋಗುತ್ತಿದ್ದ ರೈಲಿನಲ್ಲಿ ಅವನನ್ನೇ ನೋಡುತ್ತಾ ನಿಂತ ಜನರಿದ್ದರು, ಟ್ರ್ಯಾಕ್ಟರಿನ ಚಾಲಕನಿಗೆ ನೀವು ಹಿಂದೆ ಇದ್ದೀರಿ ಎಂಬುದೇ ತಿಳಿಯದು. ಮರೆ ಬೇಕಿದ್ದರೆ ಸೈಕಲ್ಲಿನ ಜೊತೆಗಾರನನ್ನು ಹುಡುಕಿಕೊಳ್ಳಿ.

ಕಥೆಗೇ ಹೆಚ್ಚು ಹೊತ್ತು ಹೋಯಿತು. ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಕುಳಿತುಕೊಳ್ಳುವ ಭಂಗಿಯ ಬಗ್ಗೆ ಅನುಮಾನವಿದ್ದವರು 1989ರ ಟೂರ್ ದ ಫ್ರಾನ್ಸ್ ಪಂದ್ಯದ ಕೊನೆಯ ದಿನವನ್ನು ನೆನೆಯಬೇಕು. ಅಮೆರಿಕದ ಗ್ರೆಗ್ ಲೆಮಾಂಡ್ ಅಂದು ಮುಂದಕ್ಕೆ ಚಾಚಿದ ಹೊಸ ಬಗೆಯ ಹ್ಯಾಂಡಲ್ ಹಿಡಿದು, ಬೆನ್ನು ಬಾಗಿಸಿ, 24.5 ಕಿಲೋಮೀಟರಿನ ಟೈಮ್ ಟ್ರಯಲ್ ಓಡಿಸಿದರು. ಅಲ್ಲಿಯವರೆಗಿನ ಎಲ್ಲ ದಿನಗಳ ಒಟ್ಟು ಸಮಯದಲ್ಲಿ ಅವರಿಗಿಂತ 50 ಸೆಕೆಂಡು ಮುಂದಿದ್ದ ಫ್ರಾನ್ಸಿನ ಲೊರಾಂ ಫಿನ್ಯೋಂ ಹೆಲ್ಮೆಟ್ ಧರಿಸದೆ, ಜುಟ್ಟು ಹಾರಿಸಿಕೊಂಡು ಬಂದರು. ಮೂರು ವಾರಗಳ ಪಂದ್ಯವನ್ನು ಲೆಮಾಂಡ್ ಗೆದ್ದದ್ದು 8 ಸೆಕೆಂಡಿನಿಂದ. ಆ ಜುಟ್ಟಿಗೆ ಎಷ್ಟು ಸೆಕೆಂಡಿನ ಬೆಲೆ ಎಂದು ಸೈಕಲ್ ಜನ ಇಂದಿಗೂ ಜಗಳವಾಡುತ್ತಾರೆ.

ಗಾಲಿ ಹಿಡಿಯುವುದನ್ನು ಕಲಿಯುವವರು ಮೊದಲು ಒಂದು ಸೈಕಲ್ಲಿನ ಉದ್ದದಷ್ಟು ಅಂತರದಿಂದ ಆರಂಭಿಸಿ, ಕೈ ಪಳಗಿದಂತೆ ಹತ್ತಿರವಾಗಲಿ. ನಿಮ್ಮ ಮುಂಗಾಲಿಯು ಮುಂದಿನವನ ಹಿಂಗಾಲಿಯ ಪಕ್ಕಕ್ಕೆ ಚಾಚಿಕೊಳ್ಳಬಾರದು, ತಾಗಿದರೆ ಬೀಳುವವರು ಹಿಂದಿರುವ ನೀವೇ. ಮುಂದಿರುವವನು ದಣಿಯುವ ಮೊದಲೇ ಪಕ್ಕಕ್ಕೆ ಸರಿದು ಹಿಂದಕ್ಕೆ ಬರಬೇಕು, ಎರಡನೆಯವನು ವೇಗ ಏರಿಸದೆ ಅವನ ಜಾಗ ತುಂಬಬೇಕು. ವೆಲೊಡ್ರೋಮಿನ 4 ಕಿಲೋಮೀಟರು ಟೀಮ್ ಪರ್ಸ್ಯೂಟ್ ಎಂಬ ತಂಡಗಳ ಪಂದ್ಯದಲ್ಲಿ ನಾಲ್ವರು ಮಾಡುವುದು ಇದನ್ನೇ, ಮೂರನೆಯವನು ಗುರಿ ಮುಟ್ಟಿದಾಗ ತಂಡದ ಸಮಯವನ್ನು ಎಣಿಸುತ್ತಾರೆ. ಚಾವಣಿ ಇರುವ ವೆಲೊಡ್ರೋಮಿನಲ್ಲಿ ಗಾಳಿ ಬೀಸುವುದಿಲ್ಲವಲ್ಲ ಎನ್ನಬೇಡಿ, ನೀವು ಓಡಿದರೆ ನಿಂತ ಗಾಳಿಯೂ ಎದುರುಗಾಳಿಯೇ.

ಅಡ್ಡಗಾಳಿಯ ಬಗ್ಗೆ ಒಂದೇ ಮಾತು. ಕೊಲ್ಹಾರದ ಕಡೆಗೆ ತೆಂಕಣಕ್ಕೆ ಹೋಗುವಾಗ ಪಡುವಣ ಗಾಳಿ ಬಲಗಡೆಯಿಂದ ಬರುತ್ತದೆ, ಆಗ ಮರೆ ಸಿಗುವುದು ಮುಂದಿನವನ ನೇರ ಹಿಂದೆ ಅಲ್ಲ, ಹಿಂದೆ ಸ್ವಲ್ಪ ಎಡಕ್ಕೆ. ಹೀಗೆ ಓರೆಯಾಗಿ ಸಾಲು ಕಟ್ಟಿದಾಗ ರಸ್ತೆಯ ಅಗಲ ಮುಗಿದು, ಕೊನೆಯವರು ಮರೆಯಿಲ್ಲದೆ ರಸ್ತೆಯಂಚಿನಲ್ಲಿ ಒದ್ದಾಡುತ್ತಾರೆ. ಪಂದ್ಯಗಳು ಒಡೆಯುವುದೇ ಅಲ್ಲಿ. ವಾಹನ ಓಡಾಡುವ ರಸ್ತೆಯಲ್ಲಿ ಇದನ್ನು ಅಭ್ಯಾಸ ಮಾಡಬೇಡಿ, ರಸ್ತೆ ಮುಚ್ಚಿ ನಡೆಸುವ ಪಂದ್ಯದಲ್ಲಿ ಮಾತ್ರ ಸರಿ.

ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಹುಡುಗ ಹುಡುಗಿಯರು ರಾಷ್ಟ್ರಮಟ್ಟದಲ್ಲಿ ಪದಕಗಳನ್ನು ತರುತ್ತಿರುವುದು ನಿಮಗೆ ತಿಳಿದೇ ಇದೆ. ನಮಗೆ ವಯಸ್ಸಾಯಿತು ಎನ್ನುವ ಅವರ ತಂದೆತಾಯಂದಿರಿಗೆ ಒಂದು ಸುದ್ದಿ: 35 ದಾಟಿದವರಿಗೆಂದೇ ಮಾಸ್ಟರ್ಸ್ ವಿಭಾಗದ ಪಂದ್ಯಗಳಿವೆ, ಅಲ್ಲಿ ನಿಮ್ಮ ಓರಗೆಯವರ ಜೊತೆಗೇ ನಿಮ್ಮ ಸ್ಪರ್ಧೆ. ವಯಸ್ಸಿನೊಂದಿಗೆ ಕಾಲಿನ ಬಲ ತಗ್ಗುತ್ತದೆ ನಿಜ, ಆದರೆ ಗಾಳಿ ಎತ್ತಲಿಂದ ಬರುತ್ತಿದೆ ಎಂದು ಅರಿಯುವ ಬುದ್ಧಿ ತಗ್ಗುವುದಿಲ್ಲ, ಅದರಿಂದಲೇ ನಾನು ಈಗಲೂ ನನಗಿಂತ ಎಳೆಯರನ್ನು ಗುರಿಯ ಹತ್ತಿರ ಪೇಚಿಗೆ ಸಿಲುಕಿಸುತ್ತೇನೆ. ಭಾನುವಾರ ಬೆಳಗಿನ ಜಾವ ತಿಕೋಟಾ ರಸ್ತೆಯಲ್ಲಿ ಜೊತೆಗೆ ಬರುವವರು ಬರಬಹುದು. ಹೆಲ್ಮೆಟ್ ಇಲ್ಲದೆ ಬಂದವರಿಗೆ ಮಾತ್ರ ನನ್ನ ಗಾಲಿ ಹಿಡಿಯಲು ಬಿಡುವುದಿಲ್ಲ.

ನಮಸ್ಕಾರ.