ಅಮಾನತು ಎಂಬ ಪದ

ಕೇಳುಗರಿಗೆ ನಮಸ್ಕಾರ.

ರಾಯಚೂರಿನಲ್ಲಿ ಉರ್ದು ಬಲ್ಲ ಹಿರಿಯರನ್ನು ‘ಅಮಾನತ್’ ಎಂದರೇನು ಎಂದು ಕೇಳಿ ನೋಡಿ. ನಂಬಿ ಒಬ್ಬರ ಕೈಯಲ್ಲಿಟ್ಟದ್ದು, ಕೇಳಿದ ದಿನ ಇದ್ದ ಹಾಗೆಯೇ ತಿರುಗಿ ಕೊಡಬೇಕಾದದ್ದು ಎನ್ನುತ್ತಾರೆ. ಅದೇ ಪದ ಕಚೇರಿಯ ಕನ್ನಡಕ್ಕೆ ಬಂದು ಅಮಾನತು ಆಗಿದೆ. ಆ ಲೆಕ್ಕದಲ್ಲಿ ನೌಕರನನ್ನು ಅಮಾನತಿನಲ್ಲಿಡುವುದೆಂದರೆ, ವಿಚಾರಣೆ ಮುಗಿಯುವ ತನಕ ಅವನ ಕೆಲಸವನ್ನು ಜೋಪಾನವಾಗಿ ಎತ್ತಿಡುವುದು. ಊರು ಮಾತ್ರ ಹಾಗೆ ತಿಳಿಯುವುದಿಲ್ಲ. ಆದೇಶ ಕೈಸೇರಿದ ಸಂಜೆಯೇ ಚಹಾದಂಗಡಿಯಲ್ಲಿ ತೀರ್ಪಾಗಿರುತ್ತದೆ.

ನಾನು ಈ ಜಿಲ್ಲೆಯ ಹತ್ತಿ ಕಾರ್ಖಾನೆಯೊಂದರಲ್ಲಿ ಸಿಬ್ಬಂದಿ ಅಧಿಕಾರಿಯಾಗಿದ್ದೆ. ಒಂದು ಬೇಸಿಗೆಯಲ್ಲಿ ದಾಸ್ತಾನನ್ನು ಮರುತೂಕ ಮಾಡಿದಾಗ ಪುಸ್ತಕಕ್ಕೂ ತಕ್ಕಡಿಗೂ ಕೆಲವು ಕ್ವಿಂಟಲ್ ಅಂತರ ಬಂತು. ಮಾಲೀಕರು ಸಿಟ್ಟಿನಲ್ಲಿದ್ದರು. ನಾನು ಒಂದು ರಾತ್ರಿಯೂ ತಡೆಯದೆ ಉಗ್ರಾಣದ ಗುಮಾಸ್ತರ ಅಮಾನತು ಆದೇಶ ಬರೆದೆ. ಅವರು ಸಹಿ ಹಾಕಿ, ಸೊಂಟದ ಕೀಲಿಗೊಂಚಲನ್ನು ಬಿಚ್ಚಿ ಮೇಜಿನ ಮೇಲಿಟ್ಟರು. ಕೇಳಿದ್ದು ಒಂದೇ ಮಾತು: “ಮನೆಯಲ್ಲಿ ಏನೆಂದು ಹೇಳಲಿ, ಸಾಹೇಬರೇ?”

ಮನೆಯಲ್ಲಿ ಅವರು ಏನನ್ನೂ ಹೇಳಿರಲಿಲ್ಲ. ತಿಂಗಳ ನಂತರ ಯಾರನ್ನೋ ಕಳಿಸಿಕೊಡಲು ರೈಲು ನಿಲ್ದಾಣಕ್ಕೆ ಹೋದಾಗ ಪ್ಲಾಟ್‌ಫಾರ್ಮಿನ ತುದಿಯ ಬೆಂಚಿನ ಮೇಲೆ ಅವರು ಬುತ್ತಿ ಬಿಚ್ಚುತ್ತಿದ್ದರು. ಜೋಳದ ರೊಟ್ಟಿ, ಶೇಂಗಾ ಚಟ್ನಿ. ನನ್ನನ್ನು ಕಂಡು ಬಟ್ಟೆಯನ್ನು ಮತ್ತೆ ಗಂಟು ಹಾಕಿದರು. ದಿನವೂ ಎಂಟಕ್ಕೆ ಮನೆ ಬಿಟ್ಟು, ಪಾಳಿ ಬಿಡುವ ಹೊತ್ತಿಗೆ ಮರಳುತ್ತಿದ್ದರಂತೆ.

ವಿಚಾರಣೆಯ ಕಾಲದ ಅಮಾನತು ಶಿಕ್ಷೆಯಲ್ಲ ಎನ್ನುತ್ತದೆ ಕಾನೂನು. ಆದ್ದರಿಂದಲೇ ಜೀವನಾಧಾರ ಭತ್ಯೆ. ಸ್ಥಾಯಿ ಆದೇಶಗಳ, ಅಂದರೆ ಕಾರ್ಖಾನೆಯ ಸೇವಾ ನಿಯಮಗಳ, 1946ರ ಕಾಯ್ದೆಯಲ್ಲಿ ಮೊದಲ 90 ದಿನ ಅರ್ಧ ವೇತನ; ಆಮೇಲೂ ವಿಚಾರಣೆ ಎಳೆದರೆ, ಆ ವಿಳಂಬಕ್ಕೆ ಕಾರ್ಮಿಕ ಕಾರಣನಲ್ಲದಿದ್ದರೆ, ಮುಕ್ಕಾಲು ಎಂದಿತ್ತು. ಅದರ ಜಾಗಕ್ಕೆ ಬಂದ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಅರ್ಧ, ಮುಕ್ಕಾಲಿನ ಇದೇ ಲೆಕ್ಕ ಇಟ್ಟುಕೊಂಡು, ವಿಚಾರಣೆಯನ್ನು ಸಾಮಾನ್ಯವಾಗಿ 90 ದಿನಗಳೊಳಗೆ ಮುಗಿಸಿ ಎಂದಿದೆ. ಸರ್ಕಾರಿ ನೌಕರರ ವಿಷಯದಲ್ಲಿ, ಆರೋಪಪಟ್ಟಿ ಕೊಡದೆ ಮೂರು ತಿಂಗಳು ಮೀರಿ ಅಮಾನತಿನಲ್ಲಿಡಬಾರದೆಂದು ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿತು.

ಭತ್ಯೆಯನ್ನು ದಾನವೆಂದು ತಿಳಿದ ಮಾಲೀಕರು ನಮ್ಮಲ್ಲಿ ಕಡಿಮೆಯಿಲ್ಲ. ಅವರಿಗೆ ಕೆಜಿಎಫ್‌ನ ಪ್ರಕರಣ ಹೇಳಬೇಕು. ಅಲ್ಲಿನ ಚಿನ್ನದ ಗಣಿಯ ಭದ್ರತಾ ಅಧಿಕಾರಿಯೊಬ್ಬರನ್ನು, ಮನೆಯಲ್ಲಿ ಚಿನ್ನ ಸಿಕ್ಕಿತೆಂದು 1985ರಲ್ಲಿ ಅಮಾನತು ಮಾಡಿದರು. ಭತ್ಯೆ ಕೊಡಲಿಲ್ಲ. ಕೇರಳದ ತಮ್ಮ ಊರಿನಲ್ಲಿದ್ದ ಅವರ ಬಳಿ ವಿಚಾರಣೆಗೆ ಬರಲು ಹಣವಿರಲಿಲ್ಲ. ಅವರಿಲ್ಲದೆಯೇ ವಿಚಾರಣೆ ಮುಗಿದು ವಜಾ ಆಯಿತು. ಕ್ರಿಮಿನಲ್ ಮೊಕದ್ದಮೆಯಲ್ಲಿ ಅವರು ಖುಲಾಸೆಯಾದರು. ವಜಾ ನಿಲ್ಲುವುದಿಲ್ಲವೆಂದು ಸುಪ್ರೀಂ ಕೋರ್ಟ್ ಹೇಳುವ ಹೊತ್ತಿಗೆ 1999 ಬಂದಿತ್ತು. ರೈಲಿನ ಟಿಕೆಟಿಗೆ ಹಣವಿಲ್ಲದವನಿಗೆ ‘ಬಂದು ನಿನ್ನ ಮಾತು ಹೇಳು’ ಎಂದು ನೋಟಿಸು ಕಳಿಸುವುದು ಎಂಥ ನ್ಯಾಯ?

ಅಮಾನತು ಎಂದೂ ಬೇಡ ಎನ್ನುವವನು ನಾನಲ್ಲ. ಆರೋಪಿ ಕುರ್ಚಿಯಲ್ಲಿದ್ದರೆ ದಾಖಲೆ ಕಾಣೆಯಾಗುವ, ದೂರು ಕೊಟ್ಟ ಹೆಣ್ಣುಮಗಳು ಹೆದರುವ ಸಂದರ್ಭಗಳಿವೆ. ಅಲ್ಲಿ ಅದೇ ದಿನ ಆದೇಶ ಹೊರಡಬೇಕು. ನಮ್ಮ ಗುಮಾಸ್ತರ ವಿಷಯದಲ್ಲಿ ಕೀಲಿ ಇಸಿದುಕೊಂಡು, ಪುಸ್ತಕಗಳಿಗೆ ಮೊಹರು ಹಾಕಿ, ಅವರನ್ನು ಜಿನ್ನಿಂಗ್ ವಿಭಾಗಕ್ಕೆ ಕಳಿಸಿದ್ದರೆ ಸಾಕಿತ್ತು. ಅದು ನನಗೆ ಹೊಳೆಯಲಿಲ್ಲ. ನಿಜ ಹೇಳಬೇಕೆಂದರೆ, ಮಾಲೀಕರ ಮುಖ ನೋಡಿ ಹೊಳೆಯಗೊಡಲಿಲ್ಲ.

ವಿಚಾರಣೆ ಏಳು ತಿಂಗಳು ನಡೆಯಿತು. ಹೆಚ್ಚಿನ ದಿನ ಕಡತ ಮಲಗಿಯೇ ಇತ್ತು. ಕೊನೆಗೆ ಬಾಯಿಬಿಟ್ಟವನು ಒಬ್ಬ ಮುದುಕ ಹಮಾಲ. “ಅದು ನೀರು ಹೊಡೆದ ಹತ್ತಿ. ಚಳಿಯಲ್ಲಿ ತೂಗಿ ತಗೊಂಡಿರಿ, ಏಪ್ರಿಲ್ ಬಿಸಿಲಿನಲ್ಲಿ ಮತ್ತೆ ತೂಗಿದಿರಿ. ಕದ್ದದ್ದು ಬಿಸಿಲು” ಎಂದ. ರಾಯಚೂರಿನ ಬಿಸಿಲಿನ ಮೇಲೆ ಯಾರು ಆರೋಪಪಟ್ಟಿ ಹೊರಡಿಸುತ್ತಾರೆ? ಖರೀದಿಯ ದಿನದ ತೇವಾಂಶದ ಚೀಟಿಗಳನ್ನು ಹುಡುಕಿ ಲೆಕ್ಕ ಹಾಕಿದೆವು. ಅಂತರ ಹೆಚ್ಚುಕಡಿಮೆ ತಾಳೆಯಾಯಿತು.

ಬಾಕಿ ವೇತನ ಕೊಟ್ಟು ಗುಮಾಸ್ತರನ್ನು ಕರೆಸಿಕೊಂಡೆವು. ಮೇಜಿನ ಖಾನೆಯಿಂದ ಅವರ ಕೀಲಿಗೊಂಚಲು ತೆಗೆದು ನಾನೇ ಕೊಟ್ಟೆ. ಒಂದೊಂದಾಗಿ ಎಣಿಸಿ ನೋಡಿದರು. ಉಗ್ರಾಣದವರೆಗೆ ಹೋಗಿ ತಿರುಗಿ ಬಂದು, ಒಂದು ಕೀಲಿಯನ್ನು ಬಿಡಿಸಿ ನನ್ನ ಮುಂದಿಟ್ಟರು.

“ಬೀಗ ಬದಲಿಸಿದ್ದೀರಿ, ಸಾಹೇಬರೇ.”